ಹೆಸರು ಹಿಡಿದು ಹಾಡುವ ಚಿಗವ್ವ

ಚಿಗವ್ವನ ಎರಡು ಹುಬ್ಬುಗಳ ನಡುವೆ ಹಸಿರು ಹಚ್ಚೆಯ ಒಂದು ಬೊಟ್ಟು ಇತ್ತು. ಜೋಳದ ಕಾಳಿನಷ್ಟು ಗಾತ್ರ. ಬಿಸಿಲಿಗೆ ನಿಂತರೆ ನೀಲಿ, ಒಳಗೆ ಕೂತರೆ ಕಪ್ಪು. ಗಂಡ ತೀರಿಕೊಂಡಾಗ ಹೆಂಗಸರು ಕೂಡಿ ಹಣೆಯ ಕುಂಕುಮ ಒರೆಸಿದರಂತೆ, ಬಳೆ ತೆಗೆದರಂತೆ; ಈ ಬೊಟ್ಟನ್ನು ಮಾತ್ರ ಏನು ಮಾಡಲೂ ಬರಲಿಲ್ಲವಂತೆ. "ತಿಕ್ಕಿದ್ರು ನನ್ನವ್ವ, ತಿಕ್ಕಿದ್ರು. ಹಚ್ಚಿ ಹೋಗೂದಲ್ಲ ಅಂತ ಗೊತ್ತಿದ್ದೂ ಒಬ್ಬಾಕಿ ಸೆರಗು ತೊಯ್ಸಿ ತಿಕ್ಕಿದ್ಲು" ಎಂದು ಹೇಳಿ ನಗುತ್ತಿದ್ದಳು. ಆ ನಗೆಯಲ್ಲಿ ಸಿಟ್ಟು ಇತ್ತೋ ಇಲ್ಲವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಇದ್ದಿರಲೇಬೇಕು.

ಅವಳು ನನ್ನ ತಾಯಿಯ ತಂಗಿಯೇನಲ್ಲ. ಕೊಟ್ಟೂರಿನ ನಮ್ಮ ಓಣಿಯಲ್ಲಿ, ನಮ್ಮ ಮನೆಯಿಂದ ಮೂರು ಮನೆ ಆಚೆ, ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಇದ್ದವಳು. ಓಣಿಗೆಲ್ಲ ಅವಳು ಚಿಗವ್ವ. ನಾನು ಬಿ.ಎ. ಮುಗಿಸಿ, ಮದುವೆ ಗೊತ್ತಾಗುವವರೆಗೆ ಮನೆಯಲ್ಲಿ ಸುಮ್ಮನೆ ಕೂತಿದ್ದ ಎರಡು ವರ್ಷ ಹೆಚ್ಚಿನ ಹೊತ್ತು ಕಳೆದದ್ದು ಅವಳ ಮನೆಯಲ್ಲೇ. ನನಗೊಂದು ಚಾಳಿ, ಇವತ್ತಿಗೂ ಬಿಟ್ಟಿಲ್ಲ: ಕಂಡದ್ದನ್ನೆಲ್ಲ ಯಾಕೆ, ಹೇಗೆ ಎಂದು ಕೇಳುವುದು. ಮನೆಯಲ್ಲಿ ಅಣ್ಣ "ಇಕಿ ಬಾಯಾಗ ಯಾಕ ಅನ್ನೂದು ಬಿಟ್ರ ಬ್ಯಾರೆ ಮಾತಿಲ್ಲ" ಎಂದು ಗದರುತ್ತಿದ್ದ. ಚಿಗವ್ವ ಒಬ್ಬಳೇ ನನ್ನ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಳು. ಕೆಲವಕ್ಕೆ ಮೂರು ದಿನ ಬಿಟ್ಟು ಹೇಳುತ್ತಿದ್ದಳು, ಆದರೆ ಹೇಳುತ್ತಿದ್ದಳು.

ಒಂದು ಕಾಲಕ್ಕೆ ಅವಳಿಲ್ಲದೆ ನಮ್ಮ ಕಡೆ ಅರಿಶಿಣದ ಶಾಸ್ತ್ರ ಆಗುತ್ತಿರಲಿಲ್ಲವಂತೆ. ಹಂದರದ ಕೆಳಗೆ ಹೆಂಗಸರು ಸೋಬಾನೆ ಶುರು ಮಾಡಿದರೆ ಮುಂದೆ ಹಾಡುವವಳು ಇವಳು, ಹಿಂದೆ ಸೊಲ್ಲು ಹಿಡಿಯುವವರು ಉಳಿದವರು. ಪ್ರತಿ ನುಡಿಯ ಕೊನೆಗೆ ಮದುಮಗಳ ಹೆಸರು ಬರಬೇಕು, ಅದೇ ಅವಳ ಹಾಡಿನ ಪದ್ಧತಿ. ಲಾರಿ ಓಡಿಸುತ್ತಿದ್ದ ಗಂಡ ಜ್ವರದಲ್ಲಿ ಹೋದಾಗ ಅವಳಿಗೆ ಮೂವತ್ತು ದಾಟಿತ್ತಷ್ಟೆ. ಆಮೇಲೆ ಯಾರೂ ಅವಳನ್ನು ಹಂದರಕ್ಕೆ ಬರಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಮದುವೆ ಮನೆಯ ಹಿತ್ತಲಲ್ಲಿ ಅಕ್ಕಿ ಆರಿಸಲು ಮಾತ್ರ ಹೇಳಿಕಳಿಸುತ್ತಿದ್ದರು.

ಗಂಡ ಬಿಟ್ಟುಹೋದ ಸಾಮಾನಿನಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಲಾರಿಯಲ್ಲಿ ಹಾಡು ಕೇಳಲು ಎಲ್ಲಿಂದಲೋ ತಂದದ್ದು. ತಂಗಿಯ ಮಗಳ ಮದುವೆಗೂ ತನ್ನನ್ನು ಕರೆಯದೇ ಇದ್ದಾಗ ಚಿಗವ್ವ ಬಾಗಿಲು ಹಾಕಿಕೊಂಡು, ಆ ಯಂತ್ರದ ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಒಬ್ಬಳೇ ಕೂತು ಹಾಡಿದಳು. ಕ್ಯಾಸೆಟ್ಟನ್ನು ಹೂವಿನವಳ ಬುಟ್ಟಿಯಲ್ಲಿಟ್ಟು ಮದುವೆ ಮನೆಗೆ ಕಳಿಸಿದಳು. ಮೈಕಿನವನು ಇದೂ ಯಾವುದೋ ಸಿನಿಮಾ ಹಾಡಿರಬೇಕೆಂದು ಹಾಕಿದನಂತೆ. ಮದುಮಗಳು ತನ್ನ ಹೆಸರು ಕೇಳಿ ಅರಿಶಿಣದ ಕೈಯಿಂದಲೇ ಕಣ್ಣು ಒರೆಸಿಕೊಂಡಳಂತೆ.

ಅಲ್ಲಿಂದ ಶುರು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದೆಲ್ಲ ಜನ ಬಂದು ಖಾಲಿ ಕ್ಯಾಸೆಟ್ಟು, ಎಲೆ ಅಡಿಕೆ ಇಟ್ಟು, ಹುಡುಗಿಯ ಹೆಸರು ಹೇಳಿ ಹೋಗುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಅವಳ ಮನೆಗೆ ಹೋಗತೊಡಗಿದ್ದು ಆಗಲೇ. ಚಿಗವ್ವನಿಗೆ ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಕ್ಯಾಸೆಟ್ಟಿನ ಮೇಲೆ ಹೆಸರು, ಊರು ಬರೆಯುವ ಕೆಲಸ ನನ್ನದಾಯಿತು.

ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಕರೆಂಟು ಹೋದಾಗ. ಇದು ಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಊರಿನವರೆಲ್ಲ ಕರೆಂಟು ಹೋಯಿತೆಂದು ಬಯ್ಯುವಾಗ ಚಿಗವ್ವ ಗಡಬಡಿಸಿ ಎದ್ದು, ಟೇಪಿಗೆ ಆರು ಸೆಲ್ಲು ತುಂಬಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಕಾರಣ ಗೋಡೆಯಾಚೆಯ ಗಿರಣಿ. ಕರೆಂಟು ಇರುವಷ್ಟು ಹೊತ್ತು ಅದು ಭರ್ ಅನ್ನುತ್ತಲೇ ಇರುತ್ತಿತ್ತು. ಹೋದರೆ ಮಾತ್ರ ಓಣಿಯೆಲ್ಲ ನಿಶ್ಶಬ್ದ. ಕರೆಂಟು ತೆಗೆಯುತ್ತಿದ್ದದ್ದು ಮಧ್ಯಾಹ್ನ, ಹೀಗಾಗಿ ಅವಳ ಎಲ್ಲ ಹಾಡುಗಳೂ ಮಧ್ಯಾಹ್ನದ ಹಾಡುಗಳೇ. ಹಿಂದೆ ಕೋಳಿ ಕೂಗಿದ್ದು, ಕುರಿ ಹಿಂಡು ಹೋದದ್ದು, ಎದುರು ಮನೆಯ ಮುದುಕ ಕೆಮ್ಮಿದ್ದು ಎಲ್ಲ ಕೇಳಿಸುತ್ತದೆ. ಒಂದು ಕ್ಯಾಸೆಟ್ಟಿನಲ್ಲಿ ಹಾಡಿನ ನಡುವೆ ಒಮ್ಮೆಲೇ ಕರೆಂಟು ಬಂದು ಗಿರಣಿ ಶುರುವಾಗಿ, ಚಿಗವ್ವ "ಏ ಇವನ ಗಿರಣಿಗೆ ಬೆಂಕಿ ಹಚ್ಚ" ಎಂದದ್ದೂ ಸೇರಿಕೊಂಡಿತ್ತು. ಅಳಿಸೋಣವೆಂದರೆ, ಮದುವೆಯವರು ಅದನ್ನು ಹಾಗೇ ತೆಗೆದುಕೊಂಡು ಹೋದರು. ಹಂದರದಲ್ಲಿ ಜನ ಅದಕ್ಕೇ ಹೆಚ್ಚು ನಕ್ಕರೆಂದು ಆಮೇಲೆ ತಿಳಿಯಿತು.

ಹೆಸರು ಕೊಟ್ಟು ಹೋದ ಕೂಡಲೇ ಹಾಡುತ್ತಿರಲಿಲ್ಲ. ಎರಡು ದಿನ ಆ ಹೆಸರನ್ನು ಬಾಯಲ್ಲಿ ಹಾಕಿಕೊಂಡು ಓಡಾಡುತ್ತಿದ್ದಳು. ರೊಟ್ಟಿ ಬಡಿಯುವಾಗ, ನೀರು ತರುವಾಗ ಅದೇ ಹೆಸರು. ಕೊಟ್ರಮ್ಮ, ಹಾಲಮ್ಮ, ಬಸಮ್ಮ ಎಂಬ ಹೆಸರುಗಳಾದರೆ ಕಷ್ಟವಿರಲಿಲ್ಲ, ಅವು ತಾವೇ ಬಂದು ರಾಗದಲ್ಲಿ ಕೂರುತ್ತಿದ್ದವು. ಆದರೆ ಹೊಸ ಹೆಸರುಗಳು ಬರತೊಡಗಿದ್ದವು. ಪ್ರಿಯದರ್ಶಿನಿ ಎಂಬ ಹುಡುಗಿಯ ತಾಯಿ ಬಂದಾಗ ಚಿಗವ್ವ ತಲೆ ಕೆರೆದುಕೊಂಡು ಕೇಳಿದಳು: "ಇಷ್ಟ್ ಉದ್ದ ಹೆಸರಿಗೆ ಎರಡು ಉಸುರು ಬೇಕಾಗ್ತಾವ್ರಿ ಯಕ್ಕಾ. ಮನ್ಯಾಗ ಏನಂತ ಕರೀತೀರಿ?"

"ಮನ್ಯಾಗ ಗುಂಡಿ ಅಂತೀವ್ರಿ. ಸಣ್ಣಾಕಿದ್ದಾಗ ಗುಂಡ್ ಗುಂಡಗಿದ್ಲು."

ಚಿಗವ್ವ ಗುಂಡಿ ಎಂದೇ ಹಾಡಿದಳು. ಅಳಿಯನ ಕಡೆಯವರ ಮುಂದೆ ಆ ಹುಡುಗಿಯ ಮಾನ ಹೋಯಿತೋ ಏನೋ ಎಂದು ನನಗೆ ದಿಗಿಲು. ಚಿಗವ್ವ ತಣ್ಣಗೆ ಹೇಳಿದಳು: "ಹೋಗಲಿ ಬಿಡು. ಗಂಡನ ಮನ್ಯಾಗ ಆ ಹೆಸರು ಹೇಳಿ ಕರಿಯಾವ್ರು ಯಾರಿದಾರ? ಒಂದ್ ಸಲ ಕೇಳ್ಕೊಂಡು ಹೋಗ್ಲಿ."

ಬಸ್ ನಿಲ್ದಾಣದ ಎದುರಿಗೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವನೊಬ್ಬ ಇವಳ ಹಾಡಿಗೆ ಮನಸೋತಿದ್ದ. ಅವನ ಬಳಿ ಒಂದರಿಂದ ಇನ್ನೊಂದಕ್ಕೆ ಹಾಡು ಇಳಿಸುವ ಎರಡು ಬಾಯಿಯ ಯಂತ್ರವಿತ್ತು. ಒಂದು ದಿನ ಬಂದು ಕೂತು ಹೇಳಿದ: "ಅಕ್ಕಾರ, ಒಂದ ಸಲ ಹಾಡ್ರಿ, ನಾನು ನೂರು ಮಾಡ್ತೀನಿ. ಪ್ರತಿ ಸಲ ಯಾಕ ಗಂಟ್ಲ ಹರ್ಕೊಂತೀರಿ?"

"ನೂರಕ್ಕೂ ಯಾರ ಹೆಸರು ಹಾಕ್ತಿ ತಮ್ಮಾ?"

"ಹೆಸರು ಬ್ಯಾಡ ಬಿಡ್ರಿ. ಮದುಮಗಳೇ ಅಂತ ಹಾಡಿದ್ರ ಆತು."

"ನಿನ್ನ ಮದುವ್ಯಾಗ ನಿನ್ನ ಹೇಣ್ತಿ ಹೆಸರು ಹೇಳು ಅಂದಾಗ ಮದುಮಗಳೇ ಅಂದಿದ್ಯೇನು?" ಎಂದಳು ಚಿಗವ್ವ. ಅಂಗಡಿಯವನು ನಗುತ್ತ ಎದ್ದು ಹೋದ. ಹೀಗೆ ಅವಳು ಮಾಡಿದ ಪ್ರತಿ ಕ್ಯಾಸೆಟ್ಟೂ ಜಗತ್ತಿಗೆ ಒಂದೇ ಪ್ರತಿ. ನಾನು ಆಗ ಇದನ್ನು ಹಟ ಎಂದುಕೊಂಡಿದ್ದೆ.

ನನ್ನ ಮದುವೆಯೂ ಬಂತು. ಹಡಗಲಿಯ ಮೇಷ್ಟರೊಬ್ಬರ ಜೊತೆ. ಚಿಗವ್ವ ನನ್ನ ಹೆಸರನ್ನು ಎರಡಲ್ಲ, ಎಂಟು ದಿನ ಬಾಯಲ್ಲಿಟ್ಟುಕೊಂಡಳು. ಅರಿಶಿಣ ಹಚ್ಚುವಾಗ ಮೈಕಿನಲ್ಲಿ ಅವಳ ದನಿ ಬಂದು ನನ್ನ ಹೆಸರು ಹಿಡಿಯಿತು. ಅವ್ವ ಅತ್ತಳು, ನಾನೂ ಅತ್ತೆ. ಆ ಹೊತ್ತಿಗೆ ಚಿಗವ್ವ ಮೂರು ಮನೆ ಆಚೆ ಕೂತಿದ್ದಳು. ಯಾಕೆ, ಹೇಗೆ ಎಂದು ಊರಿಗೆಲ್ಲ ತಲೆನೋವಾಗಿದ್ದ ನನಗೆ ಅಂದು ಒಂದು ಪ್ರಶ್ನೆ ಹೊಳೆಯಲಿಲ್ಲ: ದನಿ ಇಲ್ಲಿಗೆ ಬಂದರೆ ನಡೆಯುತ್ತದೆ, ಅವಳು ಬಂದರೆ ಯಾಕೆ ನಡೆಯುವುದಿಲ್ಲ?

ಅದೇ ಬೇಸಿಗೆಯಲ್ಲಿ ಅಂಗಡಿಯವನು ಸುಮ್ಮನಿರಲಾರದೆ ದೊಡ್ಡ ಊರಿನ ಒಂದು ಕ್ಯಾಸೆಟ್ ಕಂಪನಿಗೆ ಅವಳ ಹಾಡನ್ನು ಕೇಳಿಸಿ ಬಂದ. ಅವರು ಬರಹೇಳಿದರು. ಹೋಗಲೋ ಬೇಡವೋ ಎಂದು ವಾರ ಒದ್ದಾಡಿ ಅವಳು ಹೋದಳು. ನಾನು ತವರಿಗೆ ಬಂದಾಗ ಅವಳು ಹೇಳಿದ ಕಥೆ ಇದು: "ಗ್ವಾಡಿಗೆಲ್ಲ ಸ್ಪಂಜಿನ ಹಾಸಿಗಿ ಹೊಡೆದಿದ್ರವ್ವಾ. ಹಾಡಿದ್ರ ನನ್ನ ದನಿ ನನಗ ವಾಪಸ್ ಬರಲೇ ಇಲ್ಲ. ಕೋಳಿ ಇಲ್ಲ, ಕುರಿ ಇಲ್ಲ. ಕಿವ್ಯಾಗ ಹತ್ತಿ ಇಟ್ಟಂಗಾತು. ಹೆಸರು ಬ್ಯಾಡ ಅಂದ್ರು. ಆತು ಅಂತ ಶುರು ಮಾಡಿದೆ. ಹೆಸರು ಬರೂ ಜಾಗ ಬಂತು, ಬಾಯಿ ಕಟ್ತು. ಮತ್ತ ಶುರು ಮಾಡಿದೆ, ಮತ್ತ ಕಟ್ತು. ನಾಕನೇ ಸಲ ಏನಾತೋ, ನಿನ್ನ ಹೆಸರು ಬಂದ್ಬಿಡ್ತು. ಅಲ್ಲಿಂದ ಮುಂದ ನೀರು ಹರದಂಗ ಹೋತು ನೋಡು."

ಕಂಪನಿಯವರಿಗೆ ನಮ್ಮ ಕಡೆಯ ಸೋಬಾನೆ ಗೊತ್ತಿರಲಿಲ್ಲ. ಆ ಹೆಸರು ಯಾವುದೋ ದೇವಿಯದಿರಬೇಕೆಂದುಕೊಂಡು ಹಾಗೇ ಬಿಟ್ಟರು. ಹಿಂದಿನಿಂದ ಕೀಬೋರ್ಡು, ತಬಲ ಸೇರಿಸಿದರು. ಹೊದಿಕೆಯ ಮೇಲೆ ಯಾವಳೋ ಚೆಲುವೆಯ ಫೋಟೊ. ಹಾಡಿದವಳ ಹೆಸರು ಎಲ್ಲೂ ಇಲ್ಲ.

ಮುಂದಿನ ಮದುವೆಯ ಕಾಲಕ್ಕೆ ಸುತ್ತಲಿನ ಐದು ತಾಲೂಕಿನಲ್ಲೂ ಆ ಕ್ಯಾಸೆಟ್ಟು. ಹಡಗಲಿಯ ಬಸ್ ನಿಲ್ದಾಣದಲ್ಲಿ ಸಂತೆ ಚೀಲ ಹಿಡಿದು ನಿಂತಿದ್ದೆ. ಪಕ್ಕದ ಓಣಿಯ ಹಂದರದಿಂದ ಚಿಗವ್ವನ ದನಿ ನನ್ನ ಹೆಸರು ಹಿಡಿದು, ಬಾರವ್ವ ಅರಿಶಿಣಕ್ಕೆ ಎಂದು ಕರೆಯುತ್ತಿದೆ! ಗಂಡ ನನ್ನ ಮುಖ ನೋಡಿ, "ಹೋಗಿ ಬಾ, ಚೀಲ ನಾ ಹಿಡ್ಕೊಂತೀನಿ" ಎಂದರು. ಆ ಬೇಸಿಗೆ ನನಗೆ ಎಷ್ಟು ಸಲ ಮದುವೆಯಾಯಿತೋ ಲೆಕ್ಕವಿಲ್ಲ. ಆದರೆ ನಿಜವಾದ ಮದುಮಗಳ ತಾಯಂದಿರು ಬಿಡುತ್ತಾರೆಯೇ? ನನ್ನ ಮಗಳ ಹಂದರದಲ್ಲಿ ಇನ್ಯಾವಳನ್ನೋ ಕರೆಯುತ್ತೀರಾ ಎಂದು ಕ್ಯಾಸೆಟ್ಟುಗಳನ್ನು ಅಂಗಡಿಗೆ ತಂದು ಎಸೆದರು. ಎಸೆದವರೇ ನೇರ ಗಿರಣಿಯ ಓಣಿಗೆ ಬಂದು, ನಮ್ಮ ಹುಡುಗಿಯ ಹೆಸರು ಇಂಥದ್ದು, ನೀವೇ ಹಾಡಿಕೊಡಿ ಎಂದು ಚಿಗವ್ವನ ಮುಂದೆ ಎಲೆ ಅಡಿಕೆ ಇಟ್ಟರು.

ನಾನು ಕಂಪನಿಯ ಮೇಲೆ ಕೆಂಡಾಮಂಡಲವಾಗಿದ್ದೆ. ನಿನ್ನ ಹೆಸರು ಹಾಕಲಿಲ್ಲವಲ್ಲ, ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ಚಿಗವ್ವ ಮೂರು ದಿನದ ಮೇಲೆ ಉತ್ತರ ಕೊಟ್ಟಳು: "ನನ್ನ ಹೆಸರು ಹಾಡಿನಾಗ ಎಂದೂ ಇರಲಿಲ್ಲ ನನ್ನವ್ವ. ಹಂದರದಾಗ ನಾನ ಇರ್ತಿದ್ನಲ್ಲ, ಅದಕ್ಕ ಬೇಕಾಗಿರಲಿಲ್ಲ." ಆ ಮಾತು ಅಂದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕಾಲ ಬದಲಾಯಿತು ಎಂದು ಎಲ್ಲರೂ ಬರೆಯುತ್ತಾರೆ. ನಾನು ಕಂಡದ್ದು ಕೊಟ್ಟೂರಿನ ಬಸ್ ನಿಲ್ದಾಣದ ಎದುರಿನ ಆ ಅಂಗಡಿಯಲ್ಲಿ. ಮೊದಲು ಗೋಡೆ ತುಂಬ ಇದ್ದ ಕ್ಯಾಸೆಟ್ಟುಗಳು ಅರ್ಧ ಗೋಡೆಗೆ ಇಳಿದವು, ಆಮೇಲೆ ಒಂದು ಮೂಲೆಗೆ. ಒಂದೇ ತಟ್ಟೆಯಲ್ಲಿ ನೂರಾರು ಹಾಡು ಹಿಡಿಯುವ ಸಿಡಿಗಳು ಬಂದವು. ಅವನ್ನೂ ಜನ ಕೊಳ್ಳದೆ ಒಬ್ಬರಿಂದೊಬ್ಬರು ಇಳಿಸಿಕೊಂಡರು. ಕಡೆಗೆ ಅಂಗಡಿಯವನು ಮೊಬೈಲಿಗೆ ಕರೆನ್ಸಿ ಹಾಕುತ್ತ ಕೂತ. ಸ್ಪಂಜಿನ ಗೋಡೆಯ ಕಂಪನಿ ಮುಚ್ಚಿತಂತೆ ಎಂದು ಅವನೇ ಹೇಳಿದ. ಚಿಗವ್ವನಿಗೆ ಹೇಳಿದಾಗ ಅವಳು "ಪಾಪ, ಚಾ ಚಲೋ ಕೊಟ್ಟಿದ್ರು" ಎಂದಳು, ಅಷ್ಟೇ.

ವಿಚಿತ್ರವೆಂದರೆ ಕಂಪನಿ ಮುಚ್ಚಿದರೂ ಇವಳು ಮುಚ್ಚಲಿಲ್ಲ. ಖಾಲಿ ಕ್ಯಾಸೆಟ್ಟು ಸಿಗುವುದು ನಿಂತಾಗ ಜನ ಮನೆಯ ಹಳೆಯ ಹಾಡಿನ ಕ್ಯಾಸೆಟ್ಟುಗಳನ್ನೇ ತಂದುಕೊಟ್ಟರು. ಅವುಗಳ ತಲೆಯ ಮೇಲಿನ ಎರಡು ಪುಟ್ಟ ಕಿಂಡಿಗೆ ಕಾಗದ ತುರುಕಿದರೆ ಮತ್ತೆ ಅದರ ಮೇಲೆ ಹಾಡಬಹುದು ಎಂಬುದನ್ನು ಅವಳು ಕಂಡುಕೊಂಡಿದ್ದಳು. ನಾಡಿನ ದೊಡ್ಡ ದೊಡ್ಡ ಗಾಯಕರನ್ನೆಲ್ಲ ಅಳಿಸಿ ಅವಳು ಒಬ್ಬೊಬ್ಬ ಹುಡುಗಿಯ ಹೆಸರು ಹಾಡಿದಳು.

ಅಣ್ಣನ ದೊಡ್ಡ ಮಗಳ ಮದುವೆ ಆದದ್ದು ಆ ಕೊನೆಯ ದಿನಗಳಲ್ಲಿ. ಚಿಗವ್ವ ಕ್ಯಾಸೆಟ್ಟು ಮಾಡಿಕೊಟ್ಟಿದ್ದಳು. ಅರಿಶಿಣದ ಹೊತ್ತಿಗೆ ಮೈಕಿನ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಎಲ್ಲಿ ಹಾಕೂದ್ರಿ? ಪೆನ್‌ಡ್ರೈವಿನಾಗ ಐತೇನ್ರಿ?" ಎಂದ. ಅಟ್ಟದಿಂದ ನಮ್ಮ ಹಳೆಯ ಟೇಪನ್ನು ಇಳಿಸಿದೆವು. ಅದರ ಬೆಲ್ಟು ಸಡಿಲಾಗಿ ಚಿಗವ್ವನ ದನಿ ಗಂಡಸಿನ ದನಿಯಂತೆ ಎಳೆದು ಎಳೆದು ಬಂತು. ಹುಡುಗರು ಬಿದ್ದು ಬಿದ್ದು ನಕ್ಕರು. ಆಮೇಲೆ ಟೇಪು ಒಳಗೇ ಸುತ್ತಿಕೊಂಡು ಕಿತ್ತುಹೋಯಿತು. ಹುಡುಗಿ ಮೈ ತುಂಬ ಅರಿಶಿಣ ಹಚ್ಚಿಕೊಂಡು ಮುಖ ಚಿಕ್ಕದು ಮಾಡಿ ಕೂತಳು. ಅವ್ವ ನನ್ನ ಕಡೆ ತಿರುಗಿ ಮೆಲ್ಲಗೆ, "ಚಿಗವ್ವನ್ನ ಕರ್ಕೊಂಡು ಬಾ ಹೋಗು" ಎಂದಳು.

ಓಡಿದೆ. ಚಿಗವ್ವ ಹೊಸಿಲ ಒಳಗೆ ಕೂತು ಮಂಡಕ್ಕಿ ಕೇರುತ್ತಿದ್ದಳು. ಏದುಸಿರು ಬಿಡುತ್ತ ಆದದ್ದನ್ನೆಲ್ಲ ಹೇಳಿ, ಬಾ ಚಿಗವ್ವ, ನೀನೇ ಬಂದು ಹಾಡು ಎಂದೆ. ಅವಳು ಮೊರ ಕೆಳಗಿಟ್ಟಳು. ಒಂದು ಗಳಿಗೆ ಏಳುತ್ತಾಳೆಂದೇ ಅನ್ನಿಸಿತು.

"ಮಿಷನ್ ನೆಟ್ಟಗಿದ್ದಿದ್ರ ಕರಿಯಾಕ ಬರ್ತಿದ್ದೇನು?"

ನನ್ನ ಬದುಕಿನ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ಕೇಳಿದ್ದು ಒಂದೇ ಪ್ರಶ್ನೆ.

"ಹೋಗು. ಹುಡುಗಿ ಮೈಮ್ಯಾಗ ಅರಿಷಿಣ ಆರತೈತಿ. ಮಿಷನ್ ನೆಟ್ಟಗಿದ್ದಾಗ ಬಾ, ಬರ್ತೀನಿ" ಎಂದು ಮೊರ ಎತ್ತಿಕೊಂಡಳು. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಬಯ್ಯಲಿಲ್ಲ.

ಬರಿಗೈಯಲ್ಲಿ ಮೂರು ಮನೆ ದಾಟಿ ಬರುವಷ್ಟರಲ್ಲಿ ಎಲ್ಲವೂ ಸರಿಯಾಗಿ ತಲೆಗೆ ಹೋಯಿತು. ಕ್ಯಾಸೆಟ್ಟು ಅವಳನ್ನು ಹಂದರದೊಳಗೆ ತಂದಿದೆ ಎಂದು ನಾವು ಹೆಮ್ಮೆಪಡುತ್ತಿದ್ದೆವು. ನಿಜ ಹೇಳಬೇಕೆಂದರೆ ಅವಳನ್ನು ಹೊರಗಿಡಲು ಅದು ನಮಗೆ ಅನುಕೂಲವಾಗಿತ್ತು. ಹಾಡು ಬೇಕು, ಹಾಡುವವಳು ಬೇಡ. ಆ ಕಂಪನಿ ಮಾಡಿದ್ದನ್ನೇ ನಾವೂ ಮಾಡಿದ್ದೆವು. ಅವರಾದರೂ ಚಹಾ ಕೊಟ್ಟು ಕಳಿಸಿದ್ದರು.

ಎರಡು ವರ್ಷದ ಮೇಲೆ ಅಣ್ಣನ ಎರಡನೆಯ ಮಗಳ ಮದುವೆ ಗೊತ್ತಾಯಿತು. ನಾನು ಹಡಗಲಿಯಿಂದ ಹದಿನೈದು ದಿನ ಮೊದಲೇ ಬಂದೆ. ಮೊದಲು ಮಾಡಿದ ಕೆಲಸ ನಮ್ಮ ಟೇಪ್ ರೆಕಾರ್ಡರ್ ರಿಪೇರಿ. ಕ್ಯಾಸೆಟ್ ಅಂಗಡಿಯವನು ಹಳೆಯ ಸಾಮಾನು ಕೆದಕಿ ಬೆಲ್ಟು ಹುಡುಕಿ ಹಾಕಿಕೊಟ್ಟ. ದನಿ ಚೊಕ್ಕವಾಗಿ ಬರುವವರೆಗೆ ಮೂರು ಸಲ ಹಾಕಿ ನೋಡಿದೆ. ಆಮೇಲೆ ಮೊದಲ ಲಗ್ನಪತ್ರಿಕೆ, ಎಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ಅವ್ವನನ್ನೂ ಹೊರಡಿಸಿಕೊಂಡು ಚಿಗವ್ವನ ಮನೆಗೆ ಹೋದೆ.

"ಮಿಷನ್ ನೆಟ್ಟಗೈತಿ ಚಿಗವ್ವಾ. ಬೇಕಾರ ಬಂದು ನೋಡು" ಎಂದೆ.

ಅವಳು ನನ್ನನ್ನು ನೋಡಲಿಲ್ಲ, ಅವ್ವನನ್ನು ನೋಡಿದಳು. ಇಬ್ಬರೂ ಒಂದೇ ವಾರಿಗೆಯವರು; ಒಂದು ಕಾಲಕ್ಕೆ ಇವಳು ಮುಂದೆ ಹಾಡಿದರೆ ಹಿಂದೆ ಸೊಲ್ಲು ಹಿಡಿದವಳು ನನ್ನ ಅವ್ವ. ಅವ್ವ ತಟ್ಟೆ ಮುಂದೆ ಹಿಡಿದು, "ಬಾರ ತಂಗಿ. ನೀ ಇಲ್ದ ನನಗ ಸೊಲ್ಲು ಹಿಡಿಯಾಕ ಮರ್ತು ಹೋಗೇತಿ" ಎಂದಳು. ಅವ್ವ ಅಷ್ಟು ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ.

ಅರಿಶಿಣದ ದಿನ ಚಿಗವ್ವ ಬಂದಳು. ಹಂದರದ ಕಂಬದ ಬಳಿ ಬಂದು ನಿಂತುಬಿಟ್ಟಳು, ಒಳಗೆ ಕಾಲಿಡಲಿಲ್ಲ. ಬೀಗರ ಕಡೆಯ ಹಿರಿಯ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಶುಭಕಾರ್ಯದಾಗ ಇದೇನ್ರಿ?" ಎಂದಳು. ಅವ್ವ ಅರಿಶಿಣದ ಬಟ್ಟಲು ಕೈಯಲ್ಲೇ ಹಿಡಿದು ಎದ್ದು ನಿಂತಳು. "ಇಷ್ಟು ವರ್ಷ ಈಕಿ ದನಿ ಹಚ್ಕೊಂಡು ಈ ಮನ್ಯಾಗ, ನಿಮ್ಮ ಮನ್ಯಾಗ, ಎಲ್ಲರ ಮನ್ಯಾಗ ಅರಿಷಿಣ ಹಚ್ಚೇವಿ. ಯಾರ ಸಂಸಾರ ಕೆಟ್ಟೈತಿ, ಹೇಳ್ರಿ?" ಎಂದಳು. ಅವ್ವ ಹೋಗಿ ಚಿಗವ್ವನ ಕೈ ಹಿಡಿದು ಕರೆತಂದು ಮದುಮಗಳ ಎದುರಿಗೇ ಕೂರಿಸಿದಳು.

ದನಿ ಮೊದಲಿನಂತಿರಲಿಲ್ಲ. ಎತ್ತರಕ್ಕೆ ಹೋದಾಗ ಒಡೆಯುತ್ತಿತ್ತು. ಎರಡನೆಯ ನುಡಿ ಮರೆತು ಅವ್ವನ ಕಡೆ ನೋಡಿದಳು, ಅವ್ವ ಎತ್ತಿಕೊಟ್ಟಳು. ಹೆಸರು ಬರುವ ಜಾಗ ಬಂದಾಗ ಮುಂದೆ ಬಾಗಿ, ಹುಡುಗಿಯ ಗಲ್ಲ ಹಿಡಿದು, ಮುಖ ನೋಡಿಕೊಂಡು ಹೆಸರು ಹಾಡಿದಳು. ಕ್ಯಾಸೆಟ್ಟಿನಲ್ಲಿ ಅದು ಎಂದೂ ಆಗದ ಮಾತು. ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಸೊಲ್ಲು ಹಿಡಿದರು, ಕಿವಿಯಲ್ಲಿ ಮಾತಾಡಿದ್ದ ಆ ಬೀಗಿತಿಯೂ ಕೊನೆಗೆ ಹಿಡಿದಳು.

ಮರುವರ್ಷ ಚಿಗವ್ವ ಹೋದಳು. ಹೆಚ್ಚು ನರಳಲಿಲ್ಲ. ಹದಿಮೂರು ಹದಿನಾಲ್ಕು ವರ್ಷ ನನಗೆ ಹೊಳೆಯದೇ ಹೋದ ಒಂದು ಪ್ರಶ್ನೆಯ ಋಣ ನನ್ನ ಮೇಲಿದೆ. ಒಂದು ದಿನದ ಕರೆಯೋಲೆಯಿಂದ ಅದು ತೀರಿತು ಎಂದು ನಾನು ತಿಳಿದಿಲ್ಲ. ಅವಳ ದನಿಯ ಕ್ಯಾಸೆಟ್ಟುಗಳು ಐದು ತಾಲೂಕಿನ ಯಾವ ಯಾವ ಅಟ್ಟದ ಮೇಲೆ ಇವೆಯೋ. ಅವುಗಳನ್ನು ಕೂಡಿಸಬೇಕು ಎಂದು ಕೇಳಿಕೊಂಡು ಬರುವವರಿಗೆ ನಾನು ಗೊತ್ತಿರುವ ಮನೆಗಳನ್ನೆಲ್ಲ ಹೇಳುತ್ತೇನೆ. ಕೊನೆಯ ಮದುವೆಯದ್ದು ಇದೆಯೇ ಎಂದು ಅವರು ತಪ್ಪದೆ ಕೇಳುತ್ತಾರೆ. ಇಲ್ಲ. ಆ ದಿನ ಚಿಗವ್ವ ನಮ್ಮ ನಡುವೆಯೇ ಕೂತಿದ್ದಳು, ಟೇಪಿನ ಗುಂಡಿ ಒತ್ತಬೇಕೆಂದು ಯಾರಿಗೂ ನೆನಪಾಗಲಿಲ್ಲ.